ತಂಗಿಯ ತಲೆಗೆ ಹಿಡಿದ ಬರ್ಗಂಡಿ ಬಣ್ಣ: ಮನೆಯಲ್ಲೇ ತೆಗೆಯಲು ದಾರಿ ಉಂಟಾ?

ನೀರ್ಚಾಲಿನ ಅಕ್ಕ
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಕಳೆದ ವಾರ ಗೆಳತಿಯರು ಸೇರಿ ಅವಳ ತಲೆಗೆ ಬರ್ಗಂಡಿ ಹೇರ್ ಕಲರ್ ಹಚ್ಚಿದ್ದಾರೆ. ಡಬ್ಬಿಯ ಚಿತ್ರದಲ್ಲಿ ಕಪ್ಪಿನ ಒಳಗೆ ಸ್ವಲ್ಪ ಕೆಂಪು ಮಿಂಚುತ್ತಿತ್ತಂತೆ. ಇವಳಿಗೆ ಬಂದದ್ದೇ ಬೇರೆ. ಬುಡದಲ್ಲಿ ಎರಡು ಬೆರಳಗಲ ಕುಂಕುಮದ ಹಾಗೆ ಕೆಂಪು, ಅಲ್ಲಿಂದ ಕೆಳಗೆ ಸೊಂಟದವರೆಗೂ ಕಪ್ಪು ಮಿಶ್ರಿತ ನೇರಳೆ. ಮನೆಗೆ ಬಂದವಳು ತಲೆಗೆ ಶಾಲು ಸುತ್ತಿಕೊಂಡೇ ಕೂತಿದ್ದಾಳೆ, ಊಟಕ್ಕೂ ಹಾಗೇ ಬರುತ್ತಾಳೆ. ಮುಂದಿನ ತಿಂಗಳು ಚಿಕ್ಕಮ್ಮನ ಮಗಳ ಮದುವೆ ಉಂಟು.

ಒಬ್ಬರು ನಿಂಬೆ ಹುಳಿ ಅಂದರು, ಇನ್ನೊಬ್ಬರು ಅಡುಗೆ ಸೋಡ, ಮತ್ತೊಬ್ಬರು ಮೊಸರು. ಯೂಟ್ಯೂಬ್ ನೋಡಿದರೆ ಬ್ಲೀಚ್ ಮಾಡಿ ಅಂತಾರೆ. ಅವಳ ಕೂದಲು ತುಂಬಾ ಚೆನ್ನಾಗಿತ್ತು, ಅದು ಹಾಳಾಗಬಾರದು. ಅನುಭವ ಇರುವವರು ದಯವಿಟ್ಟು ಹೇಳಿ.

ಮಧೂರು ಅಮ್ಮ
ಪಾಪ ಮಗು. ಮೊದಲು ಅವಳನ್ನು ಯಾರೂ ಬೈಯಬೇಡಿ. ರಾತ್ರಿ ತೆಂಗಿನ ಎಣ್ಣೆ ಉಗುರು ಬೆಚ್ಚಗೆ ಮಾಡಿ ಧಾರಾಳ ಹಚ್ಚಿ, ಬೆಳಿಗ್ಗೆ ತಲೆ ತೊಳೆಯಲಿ. ಸ್ವಲ್ಪ ಸ್ವಲ್ಪ ಬಣ್ಣ ಬಿಡುತ್ತದೆ.

ಉಪ್ಪಳದ ಹುಡುಗ
ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತಿಕ್ಕಿದರೆ ಸಾಕು. ನಮ್ಮ ಕ್ಲಬ್ಬಿನ ಟೂರ್ನಮೆಂಟಿಗೆ ಎಲ್ಲರೂ ನೀಲಿ ಮಾಡಿಸಿದ್ದೆವು. ಶಾಲೆ ಶುರುವಾಗುವ ಮೊದಲು ಅದರಲ್ಲೇ ತೊಳೆದು ತೆಗೆದೆವು.

ಬಾಚಣಿಗೆ ಕುಂಬಳೆ
ಉಪ್ಪಳದ ತಮ್ಮಾ, ನಿಮ್ಮದು ಎರಡಿಂಚು ಕೂದಲು, ಒಂದು ಕಟಿಂಗಿಗೆ ಹೊಸದು ಬರುತ್ತದೆ. ಇವಳದ್ದು ಸೊಂಟದವರೆಗೆ. ತುದಿಯ ಕೂದಲಿಗೆ ಎಷ್ಟೋ ವರ್ಷದ ಪ್ರಾಯ. ಪಾತ್ರೆಯ ಲಿಕ್ವಿಡ್ ಹಾಕಿದರೆ ಎಣ್ಣೆ ಪಸೆ ಪೂರಾ ಹೋಗಿ ಸಿಕ್ಕು ಗಂಟಾಗುತ್ತದೆ. ನಿಮ್ಮ ನೀಲಿ ಬಹುಶಃ ಹೊರಗೆ ಮಾತ್ರ ಹಿಡಿಯುವ ಬಣ್ಣ, ಅದು ಶ್ಯಾಂಪೂವಿನಲ್ಲೂ ಹೋಗುತ್ತಿತ್ತು.

ನೀರ್ಚಾಲಿನ ಅಕ್ಕಾ, ನಾನು ಪಾರ್ಲರಿನಲ್ಲಿ ಕೆಲಸ ಮಾಡುವವಳು. ಏನೂ ಹಚ್ಚುವ ಮೊದಲು ಒಂದು ವಿಷಯ ಹೇಳಿ. ಡಬ್ಬಿಯಲ್ಲಿ ಒಂದೇ ಟ್ಯೂಬ್ ಇತ್ತಾ, ಅಥವಾ ಕಲರ್ ಮತ್ತು ಡೆವಲಪರ್ (ಬಣ್ಣ ಹಿಡಿಸುವ ಪೆರಾಕ್ಸೈಡ್ ದ್ರವ) ಎರಡನ್ನು ಬೆರೆಸಿ ಹಚ್ಚಿದ್ದಾ? ಅದರ ಮೇಲೆ ಎಲ್ಲ ನಿಂತಿದೆ. ನೇರ ಹಚ್ಚುವ ಒಂಟಿ ಟ್ಯೂಬಿನದ್ದು ಸಾಮಾನ್ಯವಾಗಿ ಎಂಟು ಹತ್ತು ಸ್ನಾನಕ್ಕೆ ಮಸುಕಾಗುತ್ತದೆ. ಬೆರೆಸಿ ಹಚ್ಚಿದ್ದಾದರೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆಮೇಲೆ, ಇದಕ್ಕಿಂತ ಮೊದಲು ತಲೆಗೆ ಏನಾದರೂ ಹಚ್ಚಿದ್ದಳಾ?

ನೀರ್ಚಾಲಿನ ಅಕ್ಕ
ಎರಡು ಬೆರೆಸಿದ್ದು. ಡಬ್ಬಿ ಹಾಸ್ಟೆಲಿನಲ್ಲೇ ಇತ್ತಂತೆ, ಗೆಳತಿ ಫೋಟೋ ಕಳಿಸಿದಳು. ಡೆವಲಪರ್ 6% ಅಂತ ಉಂಟು. ಅಮೋನಿಯಾ ಇಲ್ಲ ಅಂತ ದೊಡ್ಡದಾಗಿ ಬರೆದಿದೆ. ಹಾಗಾದರೆ ಅಷ್ಟೇನೂ ಗಟ್ಟಿ ಬಣ್ಣ ಅಲ್ಲ ಅಲ್ವಾ? ಮೊದಲು ಮದರಂಗಿ ಮಾತ್ರ ಹಚ್ಚುತ್ತಿದ್ದಳು, ರಜೆಗೆ ಬಂದಾಗ.

ಮುಳ್ಳೇರಿಯ ಮಾಷ್ಟ್ರು
ಅಮೋನಿಯಾ ಇಲ್ಲ ಎಂದ ಮಾತ್ರಕ್ಕೆ ಬಣ್ಣ ಹಗುರ ಅಂತ ಅಲ್ಲ ಅಕ್ಕಾ. ಅದರ ಜಾಗದಲ್ಲಿ ಹೆಚ್ಚಾಗಿ ಮೊನೊಎಥನಾಲಮೈನ್ ಎಂಬ ಇನ್ನೊಂದು ಕ್ಷಾರ ಹಾಕುತ್ತಾರೆ. ವಾಸನೆ ಕಡಿಮೆ, ಕೆಲಸ ಅದೇ. ನಾನು ಕೆಮಿಸ್ಟ್ರಿ ಕಲಿಸುವವನು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕ್ಷಾರ ತಾಗಿದಾಗ ಕೂದಲು ಉಬ್ಬಿ, ಹೊರಪದರದ ಸಣ್ಣ ಸಣ್ಣ ಹಾಳೆಗಳು ಎದ್ದು ನಿಲ್ಲುತ್ತವೆ. ಆ ಸಂದಿನಲ್ಲಿ ಡೈಯ ಕಣಗಳು ಒಳಗೆ ಹೋಗುತ್ತವೆ. ಹೋಗುವಾಗ ಅವು ತೀರಾ ಸಣ್ಣವು, ಬಣ್ಣವೂ ಇಲ್ಲ. ಒಳಗೆ ಹೈಡ್ರೋಜನ್ ಪೆರಾಕ್ಸೈಡ್ ಜತೆ ಸೇರಿ ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗುತ್ತವೆ. ಬಣ್ಣ ಬರುವುದು ಆಗ. ದೊಡ್ಡದಾದ ಮೇಲೆ ಬಂದ ದಾರಿಯಲ್ಲಿ ಹೊರಗೆ ಬರಲು ಆಗುವುದಿಲ್ಲ. ನೀವು ಹೊರಗಿನಿಂದ ಎಷ್ಟು ತಿಕ್ಕಿದರೂ ಸವೆಯುವುದು ಕೂದಲು.

ಇನ್ನೊಂದು ಸಂಗತಿ ಉಂಟು. ಅದೇ ಪೆರಾಕ್ಸೈಡ್ ಅವಳ ಹುಟ್ಟು ಬಣ್ಣವನ್ನೂ ಸ್ವಲ್ಪ ತಿಂದಿರುತ್ತದೆ. ಹಾಗಾಗಿ ಬರ್ಗಂಡಿ ಪೂರ್ತಿ ತೆಗೆದರೂ ಅಡಿಯಲ್ಲಿ ಸಿಗುವುದು ಹಳೆಯ ಕಪ್ಪಲ್ಲ, ಕೆಂಪು ಛಾಯೆಯ ಕಂದು.

ಬಾಚಣಿಗೆ ಕುಂಬಳೆ
ಮಾಷ್ಟ್ರು ಹೇಳಿದ್ದು ಸರಿ. ಬುಡ ಮಾತ್ರ ಅಷ್ಟು ಕೆಂಪಾಗಲು ಕಾರಣವೂ ಹೇಳಿಬಿಡುತ್ತೇನೆ. ತಲೆಯ ಬಿಸಿಗೆ ಬುಡದಲ್ಲಿ ಡೈ ಜೋರಾಗಿ ಕೆಲಸ ಮಾಡುತ್ತದೆ. ಅದಕ್ಕೇ ನಾವು ಮೊದಲು ಉದ್ದಕ್ಕೆ ಹಚ್ಚಿ, ಕೊನೆಗೆ ಬುಡಕ್ಕೆ ಬರುತ್ತೇವೆ. ಮಕ್ಕಳು ಬುಡದಿಂದಲೇ ಶುರು ಮಾಡಿದ್ದಿರಬೇಕು.

ಗೊಂಪು ಪೆರ್ಲ
ಇಷ್ಟೆಲ್ಲ ಕೆಮಿಕಲ್ ಮಾತು ಯಾಕೆ? ಬಿಳಿ ದಾಸವಾಳದ ಎಲೆ ಹಿಚುಕಿ ಗೊಂಪು ತೆಗೆದು ವಾರಕ್ಕೆರಡು ಸಲ ಹಾಕಲಿ. ಸೀಗೆಪುಡಿ, ಅಂಟುವಾಳ ಕಾಯಿ ನೊರೆ. ಜತೆಗೆ ಒಂದು ನಿಂಬೆ ಹಿಂಡಿ ಒಂದು ಚಮಚ ಅಡುಗೆ ಸೋಡ ಹಾಕಿದರೆ ಎಂಥ ಬಣ್ಣವೂ ಬಿಡುತ್ತದೆ.

ಮುಳ್ಳೇರಿಯ ಮಾಷ್ಟ್ರು
ಗೊಂಪು ಸರಿ, ಸೋಡ ಮತ್ತು ನಿಂಬೆಯ ಜೋಡಿ ಸರಿಯಲ್ಲ. ಸೋಡ ಕ್ಷಾರ, ನಿಂಬೆ ಆಮ್ಲ. ಎರಡೂ ಸೇರಿದಾಗ ಬುಸ್ಸೆಂದು ಗುಳ್ಳೆ ಬರುತ್ತದೆ, ಏನೋ ಕೆಲಸ ಆಗುತ್ತಿದೆ ಅನಿಸುತ್ತದೆ. ಆಗುವುದು ಇಷ್ಟೇ: ಒಂದರ ಶಕ್ತಿಯನ್ನು ಇನ್ನೊಂದು ಮುಗಿಸುತ್ತದೆ. ಉಳಿಯುವುದು ಉಪ್ಪು, ನೀರು ಮತ್ತು ಹಾರಿಹೋಗುವ ಇಂಗಾಲದ ಡೈ ಆಕ್ಸೈಡ್.

ಬರೇ ಸೋಡ ಹಾಕಿದರೆ ಸ್ವಲ್ಪ ಬಣ್ಣ ಬಿಡಬಹುದು. ಆದರೆ ತಲೆಯ ಚರ್ಮದ ಪಿಎಚ್ (ಆಮ್ಲ ಕ್ಷಾರದ ಅಳತೆ, ಹೆಚ್ಚಿದಷ್ಟೂ ಕ್ಷಾರ) ಸುಮಾರು 5.5, ಕೂದಲಿನದ್ದು ಅದಕ್ಕೂ ಕಡಿಮೆ, 3.7ರ ಹತ್ತಿರ. ಸೋಡದ ನೀರು 8ರ ಮೇಲೆ. ಕೂದಲು ಉಬ್ಬಿ ಒರಟಾಗುತ್ತದೆ. ಒಮ್ಮೆ ಡೈ ತಿಂದ ಕೂದಲಿಗೆ ಮತ್ತೆ ಅದೇ ಪೆಟ್ಟು ಬೇಡ.

ಗೊಂಪು ಪೆರ್ಲ
ನಮ್ಮ ಅಜ್ಜಿ ಜೀವಮಾನವಿಡೀ ಶ್ಯಾಂಪೂ ಮುಟ್ಟಲಿಲ್ಲ. ಸಾಯುವಾಗಲೂ ತುರುಬು ಕೈಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ಪುಸ್ತಕದ ಪಿಎಚ್ ಅವರಿಗೆ ಗೊತ್ತಿರಲಿಲ್ಲ ಮಾಷ್ಟ್ರೇ.

ಮುಳ್ಳೇರಿಯ ಮಾಷ್ಟ್ರು
ನಿಮ್ಮ ಅಜ್ಜಿ ಡೈಯನ್ನೂ ಮುಟ್ಟಿರಲಿಲ್ಲ ಅಲ್ವಾ? ಗೊಂಪಿನಿಂದ ಕೂದಲಿಗೆ ಒಳ್ಳೆಯದೇ, ನಾನು ಬೇಡ ಅನ್ನಲಿಲ್ಲ. ಒಳಗೆ ಕೂತ ಬಣ್ಣವನ್ನು ಅದು ಹೊರಗೆ ತರುವುದಿಲ್ಲ ಅಂತ ಮಾತ್ರ ಹೇಳಿದ್ದು.

ಶಾರ್ಜಾ ಮಂಜೇಶ್ವರ
ವಿಟಮಿನ್ ಸಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಇಲ್ಲಿ ನನ್ನ ರೂಮಿನ ಹುಡುಗಿ ಮಾಡಿದ್ದಳು. ಮಾತ್ರೆ ಪುಡಿ ಮಾಡಿ ಶ್ಯಾಂಪೂವಿನಲ್ಲಿ ಕಲಸಿ, ಒದ್ದೆ ಕೂದಲಿಗೆ ಹಚ್ಚಿ, ಪ್ಲಾಸ್ಟಿಕ್ ಟೋಪಿ ಹಾಕಿ ಅರ್ಧ ಗಂಟೆ ಬಿಟ್ಟು ತೊಳೆದಳು. ನೊರೆ ಪೂರಾ ಕೆಂಪು ಕೆಂಪಾಗಿ ಬಂತು.

ಬಾಚಣಿಗೆ ಕುಂಬಳೆ
ಇದರಲ್ಲಿ ಹುರುಳಿದೆ. ಬಣ್ಣ ಹಚ್ಚಿ ಎರಡು ಮೂರು ದಿನದೊಳಗೆ ಮಾಡಿದರೆ ಜಾಸ್ತಿ ಫಲ. ತಡವಾದಷ್ಟೂ ಕಡಿಮೆ. ಮೆಡಿಕಲ್ಲಿನಲ್ಲಿ ಸಿಗುವ ಕಿತ್ತಳೆ ರುಚಿಯ ಚೀಪುವ ಮಾತ್ರೆ ತರಬೇಡಿ, ಅದರಲ್ಲಿ ಸಕ್ಕರೆ ಮತ್ತು ಬಣ್ಣ ಇರುತ್ತದೆ, ತಲೆ ಅಂಟಂಟು. ರುಚಿ ಬೆರೆಸದ ಬರೇ ಪುಡಿ ಸಿಕ್ಕಿದರೆ ಒಳ್ಳೆಯದು. ತಲೆಯಲ್ಲಿ ಗಾಯ, ಕೆರೆತ ಇದ್ದರೆ ಬೇಡವೇ ಬೇಡ, ಉರಿಯುತ್ತದೆ. ಆಮೇಲೆ ಕಂಡೀಷನರ್ ಬಿಡಬಾರದು.

ಮಾಷ್ಟ್ರೇ, ಇದು ಯಾಕೆ ಕೆಲಸ ಮಾಡುತ್ತದೆ ಹೇಳಿ, ನನಗೂ ಕಾರಣ ತಿಳಿಯಬೇಕಿತ್ತು.

ಮುಳ್ಳೇರಿಯ ಮಾಷ್ಟ್ರು
ಪೆರಾಕ್ಸೈಡ್ ಬಣ್ಣವನ್ನು ಆಕ್ಸಿಡೈಸ್ ಮಾಡಿ ಕಟ್ಟಿತು. ವಿಟಮಿನ್ ಸಿ ಅಂದರೆ ಆಸ್ಕಾರ್ಬಿಕ್ ಆಮ್ಲ. ಅದರ ಗುಣ ತದ್ವಿರುದ್ಧ, ಆಕ್ಸಿಡೈಸ್ ಆದದ್ದನ್ನು ಹಿಂದಕ್ಕೆ ತರಲು ನೋಡುತ್ತದೆ. ಆದರೆ ಬಲ ಕಡಿಮೆ. ಆನ್‌ಲೈನಿನಲ್ಲಿ ಕಲರ್ ರಿಮೂವರ್ ಅಂತ ಮಾರುವ ಹೆಚ್ಚಿನ ಕಿಟ್‌ಗಳದ್ದೂ ಇದೇ ದಾರಿ, ಗಂಧಕ ಇರುವ ಬಲವಾದ ರಾಸಾಯನಿಕದಿಂದ. ಕೊಳೆತ ಮೊಟ್ಟೆಯ ವಾಸನೆ ಬರುವುದು ಅದಕ್ಕೇ. ಅದು ದೊಡ್ಡ ಬಣ್ಣದ ಕಣಗಳನ್ನು ಒಡೆದು ಮತ್ತೆ ಸಣ್ಣದು ಮಾಡುತ್ತದೆ. ಅವನ್ನು ನೀರಿನಲ್ಲಿ ಪೂರ್ತಿ ತೊಳೆದು ತೆಗೆಯಬೇಕು. ಅವಸರ ಮಾಡಿ ಅರ್ಧ ತೊಳೆದರೆ ಒಳಗೆ ಉಳಿದದ್ದು ಗಾಳಿ ತಾಗಿ ಮತ್ತೆ ಕಪ್ಪಾಗುತ್ತದೆ. ಹೋಯಿತು ಅಂದುಕೊಂಡ ಬಣ್ಣ ಮರುದಿನ ಮರಳಿ ಬಂತು ಅಂತ ಜನ ದೂರುವುದು ಹೀಗೆ.

ಬ್ಲೀಚಿಗೂ ಇದಕ್ಕೂ ವ್ಯತ್ಯಾಸ ಉಂಟು. ರಿಮೂವರ್ ಹುಟ್ಟು ಬಣ್ಣವನ್ನು ಮುಟ್ಟುವುದಿಲ್ಲ. ಬ್ಲೀಚ್ ಎಲ್ಲವನ್ನೂ ತಿನ್ನುತ್ತದೆ.

ಉಪ್ಪಳದ ಹುಡುಗ
ಹಾಗಾದರೆ ಕಿಟ್ ತರಿಸಿದರೆ ಮುಗಿಯಿತಲ್ಲ?

ಬಾಚಣಿಗೆ ಕುಂಬಳೆ
ಮುಗಿಯಲಿಲ್ಲ. ಮದರಂಗಿ ಹಚ್ಚಿದ್ದಳು ಅಂದರಲ್ಲ, ನನಗೆ ಹೆದರಿಕೆ ಅದರದ್ದೇ. ಶುದ್ಧ ಮದರಂಗಿ ಕೂದಲಿನ ಪ್ರೋಟೀನಿಗೇ ಅಂಟಿಕೊಳ್ಳುವಂಥದ್ದು. ರಿಮೂವರ್ ಅದನ್ನು ತೆಗೆಯುವುದಿಲ್ಲ. ನೀಲಿ ಸೊಪ್ಪಿನ ಪುಡಿ ಬೆರೆಸಿದ್ದಾದರೆ ಬ್ಲೀಚ್ ತಾಗಿದಾಗ ಹಸಿರು ತಿರುಗುವುದೂ ಉಂಟು. ಲೋಹದ ಉಪ್ಪು ಬೆರೆತ ಅಗ್ಗದ ಪುಡಿಯಾದರೆ ಪೆರಾಕ್ಸೈಡ್ ತಾಗಿದ ಕೂಡಲೇ ಕೂದಲು ಬಿಸಿಯಾಗಿ ತುಂಡಾಗಬಹುದು. ಅಕ್ಕಾ, ಆ ಮದರಂಗಿಯ ಪ್ಯಾಕೆಟ್ ಮನೆಯಲ್ಲಿದ್ದರೆ ಹಿಂದಿನ ಸಣ್ಣಕ್ಷರ ಓದಿ ಹೇಳಿ.

ನೀರ್ಚಾಲಿನ ಅಕ್ಕ
ಸಿಕ್ಕಿತು. ಎದುರಿಗೆ ಕಪ್ಪು ಮದರಂಗಿ ಅಂತ ಉಂಟು, ಎಲೆಯ ಚಿತ್ರ. ಹಿಂದೆ ಮದರಂಗಿ ಪುಡಿಯ ಜತೆ ಪ್ಯಾರಾ ಫೆನಿಲೀನ್ ಡಯಮೈನ್, ಬೇರಿಯಂ ಪೆರಾಕ್ಸೈಡ್ ಅಂತೆಲ್ಲ ಬರೆದಿದೆ. ಇದೆಂತ?

ಮುಳ್ಳೇರಿಯ ಮಾಷ್ಟ್ರು
ಅದು ಡೈಯೇ ಅಕ್ಕಾ. ಮೊದಲನೆಯದು ಪಿಪಿಡಿ, ಹೆಚ್ಚಿನ ಕಪ್ಪು ಡೈಗಳಲ್ಲಿ ಇರುವಂಥದ್ದು. ಎರಡನೆಯದು ಪೆರಾಕ್ಸೈಡಿನ ಕೆಲಸ ಮಾಡುತ್ತದೆ. ಮದರಂಗಿ ಎಲೆಯಲ್ಲಿರುವ ಬಣ್ಣ ಲಾಸೋನ್, ಅದು ಕೊಡುವುದು ಕಿತ್ತಳೆ ಕೆಂಪು. ಬರೇ ಮದರಂಗಿಯಿಂದ ಕಪ್ಪು ಬರುವುದಿಲ್ಲ. ಕಪ್ಪು ಬಂತು ಎಂದರೆ ನೀಲಿ ಸೊಪ್ಪು ಇರಬೇಕು, ಇಲ್ಲ ಪಿಪಿಡಿ ಇರಬೇಕು.

ಬಾಚಣಿಗೆ ಕುಂಬಳೆ
ಈಗ ಗೊತ್ತಾಯಿತು ಉದ್ದಕ್ಕೆ ಕಪ್ಪು ನೇರಳೆ ಯಾಕೆ ಅಂತ. ಅಡಿಯಲ್ಲಿ ಮೊದಲೇ ಕಪ್ಪು ಡೈ ಕೂತಿತ್ತು. ಡೈ ಮೇಲೆ ಡೈ ಹಚ್ಚಿದರೆ ತಿಳಿಯಾಗುವುದಿಲ್ಲ, ಇನ್ನೂ ದಟ್ಟ ಆಗುತ್ತದೆ. ಹೊಸದಾಗಿ ಬೆಳೆದ ಬುಡದಲ್ಲಿ ಮಾತ್ರ ಬರ್ಗಂಡಿ ಎದ್ದು ಕಂಡಿದೆ.

ನರ್ಸ್ ಬದಿಯಡ್ಕ
ನಾನು ಮಧ್ಯೆ ಬರುತ್ತೇನೆ, ಕ್ಷಮಿಸಿ. ಪಿಪಿಡಿ ವಿಷಯ ಬಂತಲ್ಲ. ಇದರ ಅಲರ್ಜಿ ಮೊದಲ ಸಲವೇ ಬರಬೇಕೆಂದಿಲ್ಲ. ವರ್ಷಗಟ್ಟಲೆ ಹಚ್ಚಿದವರಿಗೂ ಒಂದು ದಿನ ಬರಬಹುದು. ನನ್ನ ಸೋದರಮಾವ ಮದುವೆಯ ಹಿಂದಿನ ದಿನ ಮೀಸೆಗೆ ಕಪ್ಪು ಹಚ್ಚಿದವರು ಬೆಳಿಗ್ಗೆ ಕಣ್ಣು ತೆರೆಯಲಾಗದಷ್ಟು ಊದಿಕೊಂಡಿದ್ದರು. ತಂಗಿಗೆ ತಲೆ ಉರಿ, ಕಿವಿಯ ಹಿಂದೆ ಕೆಂಪು, ನೀರು ಒಸರುವುದು ಏನಾದರೂ ಉಂಟಾ? ಇದ್ದರೆ ಮನೆಮದ್ದು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮುಖ, ತುಟಿ ಊದಿದರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ಕೂಡಲೇ ಆಸ್ಪತ್ರೆ.

ನೀರ್ಚಾಲಿನ ಅಕ್ಕ
ಇಲ್ಲ, ಹಾಗೇನೂ ಇಲ್ಲ. ಕಿವಿಯ ಮೇಲೆ ಬಣ್ಣದ ಕಲೆ ಮಾತ್ರ.

ಮಧೂರು ಅಮ್ಮ
ಕಲೆಗೆ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮೆತ್ತನೆ ಬಟ್ಟೆಯಲ್ಲಿ ಒರಸಿ. ಹೋಗುತ್ತದೆ.

ಅಡೂರು ಓದುಗ
ಪ್ಯಾಕೆಟಿನ ಸಣ್ಣಕ್ಷರ ಅಂದದ್ದಕ್ಕೆ ಒಂದು ಮಾತು. ಪಿಪಿಡಿ ಇರುವ ಡೈಗಳ ಎಚ್ಚರಿಕೆ, ಚರ್ಮದ ಮೇಲೆ ಪರೀಕ್ಷೆ ಮಾಡುವ ಕ್ರಮ, ಎರಡೂ ಇಂಗ್ಲಿಷಿನ ಜತೆ ಸ್ಥಳೀಯ ಭಾಷೆಯಲ್ಲೂ ಇರಬೇಕು ಅಂತ ನಮ್ಮ ದೇಶದ ನಿಯಮವೇ ಉಂಟು. ಹುಬ್ಬಿಗೆ, ರೆಪ್ಪೆಗೆ ಹಚ್ಚಬಾರದು, ಕುರುಡಾಗಬಹುದು ಅಂತಲೂ ಅದರಲ್ಲಿ ಬರೆಯಬೇಕು. ನಮ್ಮ ಕಡೆ ಡೈ ಕೊಳ್ಳುವವರಲ್ಲಿ ಕನ್ನಡ ಮಾತ್ರ ಓದುವ ಹಿರಿಯರು ಎಷ್ಟು ಜನ! ಅವರಿಗೆ ಅಂಗಡಿಯವನು ಹೇಳಿದ್ದೇ ಸತ್ಯ.

ಶಾರ್ಜಾ ಮಂಜೇಶ್ವರ
ನಮ್ಮ ಮನೆಯ ಡಬ್ಬಿಯೊಳಗೆ ಮಡಚಿಟ್ಟ ಕಾಗದದಲ್ಲಿ ಕನ್ನಡ ಇತ್ತು. ಭೂತಗನ್ನಡಿ ಬೇಕು ಓದಲು.

ಅಡೂರು ಓದುಗ
ಇರಬೇಕಾದ್ದೇ ಹಾಗೆ ಇದ್ದರೆ ಅದು ಇದ್ದ ಲೆಕ್ಕವಾ? ಕಾಸರಗೋಡಿನ ಕನ್ನಡಿಗರು ಪಂಚಾಯತಿನ ಅರ್ಜಿಗೂ ಇದನ್ನೇ ಕೇಳುವುದು, ಡೈ ಡಬ್ಬಿಗೂ ಇದನ್ನೇ ಕೇಳುವುದು. ಓದುವ ಗಾತ್ರದಲ್ಲಿ ಕೊಡಿ.

ಬಾಯಾರು ಕೃಷಿಕ
ಚರ್ಚೆ ಬೇರೆ ಕಡೆ ಹೋಯಿತು. ನೀರಿನ ಬಗ್ಗೆ ಒಂದು ಪ್ರಶ್ನೆ. ನಮ್ಮದು ಸುರಂಗದ ನೀರು, ಗುಡ್ಡದ ಮುರಕಲ್ಲಿನಿಂದ ತಾನಾಗಿ ಹರಿದು ಬರುವಂಥದ್ದು. ಸಾಬೂನು ಒಳ್ಳೆ ನೊರೆ ಬರುತ್ತದೆ. ಪಕ್ಕದ ಮನೆಯವರದ್ದು ಬೋರ್‌ವೆಲ್, ಬಕೆಟಿಗೆಲ್ಲ ಕೆಂಪು ಕಲೆ. ಆ ಮನೆಯ ಹುಡುಗಿಯ ಕೂದಲು ಡೈ ಮಾಡಿಸಿದ ಮೇಲೆ ಒಂಥರಾ ತುಕ್ಕಿನ ಬಣ್ಣಕ್ಕೆ ತಿರುಗಿತು. ನೀರಿಗೂ ಇದಕ್ಕೂ ಸಂಬಂಧ ಉಂಟಾ?

ಮುಳ್ಳೇರಿಯ ಮಾಷ್ಟ್ರು
ಉಂಟು. ಬಕೆಟಿನ ಕೆಂಪು ಕಬ್ಬಿಣದ್ದು. ಅದು ಕೂದಲಿಗೂ ಹಿಡಿಯುತ್ತದೆ. ಕಬ್ಬಿಣ, ತಾಮ್ರ ಕೂತ ಕೂದಲಿಗೆ ಪೆರಾಕ್ಸೈಡ್ ಹಚ್ಚಿದರೆ ಪ್ರತಿಕ್ರಿಯೆ ಹದ ತಪ್ಪುತ್ತದೆ, ಕೂದಲಿಗೆ ಹಾನಿ ಜಾಸ್ತಿ. ನೀರ್ಚಾಲಿನ ಅಕ್ಕನ ಮನೆಯಲ್ಲಿ ಬಾವಿ ನೀರಿದ್ದರೆ ತಲೆಗೆ ಅದನ್ನೇ ಬಳಸಲಿ.

ನೀರ್ಚಾಲಿನ ಅಕ್ಕ
ಬಾವಿ ನೀರೇ. ಹಾಗಾದರೆ ಈಗ ಎಂತ ಮಾಡುವುದು? ರಿಮೂವರ್ ತರಿಸುವುದಾ ಬೇಡವಾ? ತಂಗಿ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ.

ಬಾಚಣಿಗೆ ಕುಂಬಳೆ
ತಂಗೀ, ನೀನು ಓದುತ್ತಿದ್ದೀ ಅಂತ ನಿನಗೇ ಹೇಳುತ್ತೇನೆ.

ನಿನ್ನ ಹುಟ್ಟು ಬಣ್ಣ ಕಪ್ಪು. ಈಗ ಕಣ್ಣಿಗೆ ಹೊಡೆಯುವುದು ಬುಡದ ಎರಡು ಬೆರಳು ಮಾತ್ರ. ಉದ್ದ ಹೇಗೂ ಕಪ್ಪೇ, ಬಿಸಿಲಿನಲ್ಲಿ ನಿಂತರೆ ನೇರಳೆ ಕಾಣಬಹುದು ಅಷ್ಟೆ. ಹಾಗಿರುವಾಗ ಸೊಂಟದವರೆಗಿನ ಕೂದಲಿಗೆಲ್ಲ ರಿಮೂವರ್ ಹಾಕಿ ಅಡಿಯ ಹಳೇ ಡೈಯನ್ನೂ ಎಬ್ಬಿಸುವುದು ಯಾಕೆ? ಎಬ್ಬಿಸಿದರೆ ಅಲ್ಲೊಂದು ಇಲ್ಲೊಂದು ಪಟ್ಟೆ ಕಿತ್ತಳೆ ಬರುತ್ತದೆ, ಅದನ್ನು ಮುಚ್ಚಲು ಮತ್ತೆ ಡೈ. ತೆಗೆಯಬೇಕಾದಲ್ಲಿ ತೆಗೆಯೋಣ, ಇಲ್ಲಿ ತೆಗೆಯುವುದಕ್ಕಿಂತ ಬುಡದ ಕೆಂಪನ್ನು ಇಳಿಸಿ ಉದ್ದಕ್ಕೆ ಹೊಂದಿಸುವುದು ಕೂದಲಿಗೆ ಕ್ಷೇಮ.

ಮೊದಲು ಎರಡು ವಾರ ತಲೆಹೊಟ್ಟಿನ ಶ್ಯಾಂಪೂ, ಬುಡಕ್ಕೆ ಮಾತ್ರ. ಅದು ಸಾಮಾನ್ಯ ಶ್ಯಾಂಪೂವಿಗಿಂತ ಬೇಗ ಬಣ್ಣ ಇಳಿಸುತ್ತದೆ. ಕೆಂಪು ಹೇಗೂ ಬೇಗ ಮಸುಕಾಗುವ ಬಣ್ಣ. ಶ್ಯಾಂಪೂ ಹಾಕುವ ಹಿಂದಿನ ರಾತ್ರಿ ಉದ್ದಕ್ಕೆಲ್ಲ ತೆಂಗಿನ ಎಣ್ಣೆ, ಆಗ ಕೆಳಗಿನ ಕೂದಲು ಒಣಗುವುದಿಲ್ಲ. ಉಗುರು ಬೆಚ್ಚಗಿನ ನೀರು ಸಾಕು, ಕುದಿ ನೀರು ಬೇಡ. ಒಂದು ಸಲ ವಿಟಮಿನ್ ಸಿ ಮಾಡಬೇಕೆಂದರೆ ಮಾಡು, ಅದೂ ಬುಡಕ್ಕೆ ಮಾತ್ರ.

ಆಮೇಲೂ ಕೆಂಪು ಉಳಿದರೆ ಅದರ ಮೇಲೆ ಡೆಮಿ ಪರ್ಮನೆಂಟ್ (ಕೆಲವು ವಾರಗಳಲ್ಲಿ ಮಸುಕಾಗುವ ಡೈ) ಕಡು ಕಂದು. ನಂಬರಿನಲ್ಲಿ 1 ಅಂದರೆ ಕಪ್ಪು, 3 ಅಂದರೆ ಕಡು ಕಂದು. 3 ತೆಗೆದುಕೊ, ಆಷ್ ಅಂದರೆ ಬೂದಿ ಛಾಯೆಯದ್ದು, ಅದರಲ್ಲೂ ಹಸಿರು ಕಡೆಗೆ ವಾಲುವ ಬಣ್ಣ ಇದ್ದರೆ ಕೆಂಪು ಅಡಗುತ್ತದೆ. 1 ಹಚ್ಚಬೇಡ. ಕಪ್ಪು ಡೈ ತೆಗೆಯುವಷ್ಟು ಕಷ್ಟ ಬೇರೆ ಯಾವುದೂ ಇಲ್ಲ.

ಶಾರ್ಜಾ ಮಂಜೇಶ್ವರ
ನನಗೆ ಇದು ಒಪ್ಪಿಗೆ ಇಲ್ಲ. ಒಂದು ಡೈ ಬೇಡ ಅಂತ ಅಳುವವಳಿಗೆ ಇನ್ನೊಂದು ಡೈ ಹಚ್ಚು ಅನ್ನುವುದಾ? ಬೆಳೆಯಲಿ ಬಿಡಿ, ಹೊಸ ಕೂದಲು ಬರುತ್ತದೆ.

ಬಾಚಣಿಗೆ ಕುಂಬಳೆ
ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಬುಡದ ಆ ಕೆಂಪು ಪಟ್ಟೆ ಇಳಿಯುತ್ತಾ ಬಂದು ಕಿವಿಯ ಹತ್ತಿರ, ಹೆಗಲ ಹತ್ತಿರ ನಿಲ್ಲುತ್ತದೆ. ಅರವತ್ತು ಸೆಂಟಿಮೀಟರ್ ಬದಲಾಗಲು ಐದು ವರ್ಷ. ಕತ್ತರಿಸಲು ಅವಳಿಗೆ ಮನಸ್ಸಿದ್ದರೆ ನಾನೇ ಕತ್ತರಿಸಿ ಕೊಡುತ್ತೇನೆ. ಮನಸ್ಸಿಲ್ಲದಿದ್ದರೆ ಐದು ವರ್ಷ ಶಾಲು ಸುತ್ತಿಕೊಂಡು ಇರಲು ಆಗುತ್ತದಾ?

ಶಾರ್ಜಾ ಮಂಜೇಶ್ವರ
ಸರಿ, ಅದು ಹೌದು. ಆದರೆ ಪಿಪಿಡಿ ಇಲ್ಲದ್ದು ನೋಡಿ ಹಚ್ಚಿ.

ನರ್ಸ್ ಬದಿಯಡ್ಕ
ಡೆಮಿಯಲ್ಲೂ ಹೆಚ್ಚಾಗಿ ಪಿಪಿಡಿ ಅಥವಾ ಅದರ ಸಂಬಂಧಿಕ ಪಿಟಿಡಿ ಇರುತ್ತದೆ, ಓದಿ ನೋಡಿ. ಏನೇ ಆದರೂ ಮೊಣಕೈ ಒಳಗೆ ಅಥವಾ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಪರೀಕ್ಷೆ ಮಾಡಲೇಬೇಕು. 48 ಗಂಟೆ ಕಾಯಿರಿ. ಹಿಂದೆ ಕೈಗೆ ಕಪ್ಪು ಮದರಂಗಿ ಹಾಕಿಸಿಕೊಂಡಾಗ ಗುಳ್ಳೆ ಎದ್ದದ್ದಿದ್ದರೆ ಡೈ ವಿಚಾರವನ್ನೇ ಬಿಟ್ಟುಬಿಡಿ.

ಗೊಂಪು ಪೆರ್ಲ
ಮದುವೆಗೆ ಮಲ್ಲಿಗೆ ಮುಡಿದು ಜಡೆ ಹಾಕಿದರೆ ಬುಡ ಯಾರಿಗೆ ಕಾಣುತ್ತದೆ? ನನ್ನ ಪ್ರಕಾರ ಡೈ ಬೇಡ. ಎರಡು ವಾರ ಶ್ಯಾಂಪೂ, ನಡುನಡುವೆ ಗೊಂಪು. ಅಷ್ಟೇ ಮಾಡಿ ನೋಡಿ.

ಬಾಚಣಿಗೆ ಕುಂಬಳೆ
ಪೆರ್ಲದ ಅಕ್ಕ ಹೇಳಿದ್ದು ನನಗೂ ಒಪ್ಪಿಗೆ. ಮೊದಲು ಶ್ಯಾಂಪೂ ಮುಗಿಯಲಿ, ಅವಸರವಿಲ್ಲ. ಮದುವೆಗೆ ಇನ್ನೂ ಸಮಯ ಉಂಟಲ್ಲ.

ನೀರ್ಚಾಲಿನ ಅಕ್ಕ
ಎಲ್ಲರಿಗೂ ಸುದ್ದಿ ಹೇಳಲು ಬಂದೆ. ತಲೆಹೊಟ್ಟಿನ ಶ್ಯಾಂಪೂ ಮತ್ತು ಎಣ್ಣೆ ತಪ್ಪದೆ ಮಾಡಿದಳು. ಒಮ್ಮೆ ವಿಟಮಿನ್ ಸಿ ಪುಡಿಯೂ ಆಯಿತು. ಬುಡದ ಕೆಂಪು ಪೂರ್ತಿ ಹೋಗಲಿಲ್ಲ, ಆದರೆ ಇಳಿದು ಇಟ್ಟಿಗೆ ಕಂದು ಆಗಿದೆ. ಮನೆಯೊಳಗೆ ಗೊತ್ತೇ ಆಗುವುದಿಲ್ಲ, ಅಂಗಳಕ್ಕೆ ಹೋದರೆ ಮಾತ್ರ ಕಾಣುತ್ತದೆ. ಶಾಲು ತೆಗೆದಿದ್ದಾಳೆ. ಕಿವಿಯ ಹಿಂದೆ ಪರೀಕ್ಷೆಗೆ ಹಚ್ಚಿ ಎರಡು ದಿನ ಆಯಿತು, ತುರಿಕೆ ಏನೂ ಇಲ್ಲ. ಬೇಕೆನಿಸಿದರೆ ಕಡು ಕಂದು ಹಚ್ಚುತ್ತೇನೆ, ಸದ್ಯಕ್ಕೆ ಹೀಗೇ ಇರಲಿ ಅನ್ನುತ್ತಾಳೆ. ಅಮ್ಮ ಆ ಕಪ್ಪು ಮದರಂಗಿಯ ಪ್ಯಾಕೆಟ್ ಬಿಸಾಡಿದರು.

ಮಧೂರು ಅಮ್ಮ
ಒಳ್ಳೆಯದಾಯಿತು. ಮದುವೆಗೆ ಹಸಿರು ಸೀರೆ ಉಡಿಸಿ, ಚಂದ ಕಾಣುತ್ತಾಳೆ.

ಉಪ್ಪಳದ ಹುಡುಗ
ಒಂದು ಡೌಟ್. ಟವೆಲಿಗೆ ಹಿಡಿದ ಡೈ ಕಲೆ ಹೋಗುವುದು ಹೇಗೆ? ಅಮ್ಮನ ಬಿಳಿ ಟವೆಲ್.

ಮುಳ್ಳೇರಿಯ ಮಾಷ್ಟ್ರು
ಬಿಳಿ ಹತ್ತಿಯದ್ದಾದರೆ ಬಟ್ಟೆಗೆ ಹಾಕುವ ಬ್ಲೀಚನ್ನು ಬಾಟಲಿಯಲ್ಲಿ ಹೇಳಿದಷ್ಟು ನೀರಿಗೆ ಬೆರೆಸಿ ನೆನೆಸು. ಕಿಟಕಿ ತೆರೆದಿಡು. ಬಚ್ಚಲು ತೊಳೆಯುವ ಆಸಿಡ್ ಜತೆ ಸೇರಿಸಬೇಡ, ವಿಷದ ಗಾಳಿ ಬರುತ್ತದೆ. ಆ ಬ್ಲೀಚನ್ನು ಯಾರೂ ತಲೆಗೆ ಹಾಕಬಾರದು, ಬಣ್ಣ ತೆಗೆಯಲು ಅಂತ ಹಾಕುವವರು ಇದ್ದಾರೆ, ಅದಕ್ಕೆ ಹೇಳಿದೆ. ಬಣ್ಣದ ಟವೆಲಾದರೆ ಬ್ಲೀಚ್ ಹಾಕಬೇಡ, ಟವೆಲಿನ ಬಣ್ಣವೇ ಹೋಗುತ್ತದೆ.

ಉಪ್ಪಳದ ಹುಡುಗ
ಆಯ್ತು ಮಾಷ್ಟ್ರೇ, ಅಮ್ಮ ಬರುವ ಮೊದಲೇ ನೆನೆಸುತ್ತೇನೆ.